ಇನ್ನೊಬ್ಬ ಮೆಕಾಲೆ: ಕತ್ತರಿಸಿ ನೋಡುವ ಚಿತ್ರಗಾರ

ಮೆಕಾಲೆ ಎಂಬ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು 1835ರ ಆ ಟಿಪ್ಪಣಿ, ಇಂಗ್ಲಿಷ್ ಶಿಕ್ಷಣ, ರಾಜ್ಯೋತ್ಸವದ ಭಾಷಣಗಳಲ್ಲಿ ತಪ್ಪದೆ ಬೈಸಿಕೊಳ್ಳುವ ಆ ದೊರೆ. ಈ ಸಲ ನಾವು ಹೇಳಹೊರಟಿರುವುದು ಅವರ ಬಗ್ಗೆ ಅಲ್ಲ. ಇವರು ಡೇವಿಡ್ ಮೆಕಾಲೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಚಿತ್ರಗಾರ. ಕಾಲೇಜಿನಲ್ಲಿ ಓದಿದ್ದು ಆರ್ಕಿಟೆಕ್ಚರ್, ಹೆಸರು ಮಾಡಿದ್ದು ಪುಸ್ತಕಗಳಿಗೆ ಚಿತ್ರ ಬರೆದು. ಲೈಬ್ರರಿಯಲ್ಲಿ ಮಕ್ಕಳ ಪುಸ್ತಕ ಅಂತ ಪಕ್ಕಕ್ಕೆ ಸರಿಸಿಟ್ಟ ಅವರ ಪುಸ್ತಕಗಳನ್ನು ಎಂಜಿನಿಯರಿಂಗ್ ಓದುವ ನಾವು ಯಾಕೆ ಎತ್ತಿಕೊಳ್ಳಬೇಕು ಅನ್ನುವುದೇ ಈ ಲೇಖನ.

ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಿಂದ ಶುರು ಮಾಡೋಣ. ಸೆಕ್ಷನಲ್ ವ್ಯೂ ನಾವೆಲ್ಲ ಬಿಡಿಸಿದವರೇ. ಒಂದು ಕಾಲ್ಪನಿಕ ಕತ್ತಿ ತಗೊಂಡು ವಸ್ತುವನ್ನು ಕಚಕ್ ಅಂತ ಕತ್ತರಿಸು, ಮುಂದಿನ ತುಂಡು ಎತ್ತಿ ಪಕ್ಕಕ್ಕಿಡು, ಕತ್ತಿ ತಾಗಿದ ಜಾಗಕ್ಕೆಲ್ಲ 45 ಡಿಗ್ರಿ ಗೆರೆ ಹಾಕು. ಶಾಫ್ಟ್, ಬೋಲ್ಟುಗಳನ್ನು ಉದ್ದಕ್ಕೆ ಸೀಳಿದ್ದರೆ ಮಾತ್ರ ಗೆರೆ ಹಾಕಬೇಡ. ಇಷ್ಟು ಬಾಯಿಪಾಠ ಆದರೆ ಇಂಟರ್ನಲ್ಸ್ ಪಾಸು. ಆದರೆ ಎಲ್ಲಿ ಕತ್ತರಿಸಬೇಕು ಅಂತ ತೀರ್ಮಾನಿಸುವವರು ಯಾರು? ನಾವಂತೂ ಅಲ್ಲ. ಪ್ರಶ್ನೆಪತ್ರಿಕೆಯೇ 'ಎ-ಎ ಗೆರೆಯ ಮೇಲೆ ಕತ್ತರಿಸಿ' ಅಂತ ಹೇಳಿಬಿಡುತ್ತದೆ. ಮೆಕಾಲೆ ಅವರ ಐವತ್ತು ವರ್ಷದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಆ ಎ-ಎ ಗೆರೆಯನ್ನು ತಾವೇ ಹುಡುಕಿಕೊಂಡದ್ದು. ವಸ್ತು ಅರ್ಥವಾಗದ ಹೊರತು ಆ ಗೆರೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೊಟ್ಟುಬಿಡುವುದರಿಂದ ಕಷ್ಟದ ಅರ್ಧ ಕೆಲಸ ನಮ್ಮ ಕೈಗೆ ಬರುವ ಮೊದಲೇ ಮುಗಿದುಹೋಗಿರುತ್ತದೆ.

ಹತ್ತಿಯ ಊರಿನ ಹುಡುಗ

ಮೆಕಾಲೆ ಹುಟ್ಟಿದ್ದು 1946ರ ಡಿಸೆಂಬರಿನಲ್ಲಿ. ಬಾಲ್ಯ ಕಳೆದದ್ದು ಇಂಗ್ಲೆಂಡಿನ ಉತ್ತರಕ್ಕಿರುವ ಬೋಲ್ಟನ್ ಎಂಬ ಊರಿನಲ್ಲಿ. ಬೋಲ್ಟನ್ ಅಂದರೆ ಹತ್ತಿ ಗಿರಣಿಗಳ ಊರು. ನೂಲುವ ಕೆಲಸವನ್ನೇ ಬದಲಿಸಿದ ಸ್ಪಿನ್ನಿಂಗ್ ಮ್ಯೂಲ್ ಯಂತ್ರವನ್ನು 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ರೂಪಿಸಿದ್ದು ಅಲ್ಲೇ. ಚಿಮಣಿ, ಹಬೆ, ತಿರುಗುವ ಗಾಲಿ ಇವೆಲ್ಲ ಆ ಊರಿನಲ್ಲಿ ಬೀದಿಯಷ್ಟೇ ಸಹಜ. ಮುಂದೆ 1983ರಲ್ಲಿ ಅವರು 'ಮಿಲ್' ಎಂಬ ಪುಸ್ತಕ ಮಾಡಿದರು. ಅದು ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದ ಜವಳಿ ಗಿರಣಿಗಳದ್ದು. ಆದರೂ ಆ ಚಿತ್ರಗಳನ್ನು ನೋಡುವಾಗ ಅವರು ಬೆಳೆದ ಊರು ನೆನಪಾಗದೆ ಇರುವುದಿಲ್ಲ.

1957ರಲ್ಲಿ, ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ, ಮನೆಮಂದಿಯೆಲ್ಲ ಅಮೆರಿಕಕ್ಕೆ ಹೊರಟರು. ಹೋದದ್ದು 'ಎಸ್ಸೆಸ್ ಯುನೈಟೆಡ್ ಸ್ಟೇಟ್ಸ್' ಎಂಬ ಹಡಗಿನಲ್ಲಿ. ಸಾಮಾನ್ಯ ಹಡಗಲ್ಲ ಅದು. 1952ರಲ್ಲಿ ತನ್ನ ಮೊದಲ ಯಾನದಲ್ಲೇ ಅಟ್ಲಾಂಟಿಕ್ ಸಾಗರವನ್ನು 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿ ದಾಖಲೆ ಬರೆದಿತ್ತು. ಹುಡುಗನ ತಲೆಯಲ್ಲಿ ಇದ್ದದ್ದು ಮಾತ್ರ ಬೇರೆ: ನ್ಯೂಯಾರ್ಕ್ ತಲುಪಿದ ಕೂಡಲೇ ಆಗ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿದ್ದ ಎಂಪೈರ್ ಸ್ಟೇಟ್ ಬಿಲ್ಡಿಂಗ್ ನೋಡಬೇಕು. ಈ ಎರಡೂ ಅವರನ್ನು ಬಿಡಲಿಲ್ಲ. ಕಟ್ಟಡಕ್ಕೆ ಒಂದು ಪುಸ್ತಕ ಬಂತು, ಬಹಳ ವರ್ಷಗಳ ನಂತರ ಹಡಗಿಗೂ ಒಂದು ಬಂತು. ಹೇಳುತ್ತೇವೆ ತಾಳಿ.

ಹೊಸ ದೇಶ, ಹೊಸ ಸ್ಕೂಲು. ಗಂಭೀರವಾಗಿ ಚಿತ್ರ ಬಿಡಿಸಲು ಶುರು ಮಾಡಿದ್ದು ಹೈಸ್ಕೂಲಿನ ಕಾಲಕ್ಕೆ, ಅದೂ ಬೀಟಲ್ಸ್ ತಂಡದವರ ಫೋಟೋ ನೋಡಿ ಅವರ ಮುಖಗಳನ್ನು ಬರೆದು. ಎಷ್ಟೋ ಜನರ ಕಲೆ ಹುಟ್ಟುವುದು ಹೀಗೇ. ನಮ್ಮ ಕ್ಲಾಸುಗಳಲ್ಲೂ ನೋಟ್ಸಿನ ಕೊನೇ ಪೇಜಿನಲ್ಲಿ ಅಪ್ಪು, ಧೋನಿ ಬಿಡಿಸುವವರು ಇದ್ದೇ ಇದ್ದಾರೆ. ಅವರನ್ನು ಸುಮ್ಮನೆ ನಗಾಡಬೇಡಿ.

ನಂತರ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್ ಸೇರಿದರು. ಆರಿಸಿಕೊಂಡದ್ದು ಆರ್ಕಿಟೆಕ್ಚರ್. ಕೊನೆಯ ವರ್ಷ ಆ ಕಾಲೇಜಿನ ಯೋಜನೆಯೊಂದರಲ್ಲಿ ರೋಮಿಗೆ ಹೋಗಿ ಓದಿದರು. 1969ರಲ್ಲಿ ಡಿಗ್ರಿ ಕೈಗೆ ಬಂತು. ವಾಸ್ತುಶಿಲ್ಪಿಯಾಗಿ ಮಾತ್ರ ಒಂದು ದಿನವೂ ಕೆಲಸ ಮಾಡಲಿಲ್ಲ.

ಈ ವಾಕ್ಯದ ಹತ್ತಿರ ನಮ್ಮಲ್ಲಿ ಕೆಲವರಾದರೂ ಒಂದು ಕ್ಷಣ ನಿಲ್ಲುತ್ತಾರೆ ಅಂತ ನಮಗೆ ಗೊತ್ತು. ನಾಲ್ಕು ವರ್ಷ ಓದಿ, ಅಪ್ಪ ಅಮ್ಮನ ದುಡ್ಡು ಹಾಕಿಸಿ, ಕೊನೆಗೆ ಈ ಬ್ರಾಂಚಿನ ಕೆಲಸ ನನಗೆ ಬೇಡ ಅನ್ನಿಸಿದರೆ ಏನು ಗತಿ? ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಬರುವ ಪ್ರಶ್ನೆ ಇದು. ಮೆಕಾಲೆ ಅವರ ಕಥೆ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಡಿಗ್ರಿ ಮುಗಿದ ಮೇಲೆ ಅವರು ಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಕಲಿಸಿದರು, ಇಂಟೀರಿಯರ್ ಡಿಸೈನ್ ಆಫೀಸಿನಲ್ಲಿ ದುಡಿದರು. ದಾರಿ ತಕ್ಷಣ ಕಾಣಲಿಲ್ಲ. ಆದರೆ ಒಂದು ಮಾತು ಗಮನಿಸಿ. ಅವರು ಬಿಟ್ಟದ್ದು ವಾಸ್ತುಶಿಲ್ಪಿಯ ಕೆಲಸವನ್ನು, ವಾಸ್ತುಶಿಲ್ಪದ ಪಾಠಗಳನ್ನಲ್ಲ. ಪ್ಲಾನ್, ಎಲಿವೇಶನ್, ಸೆಕ್ಷನ್, ಪರ್ಸ್ಪೆಕ್ಟಿವ್ ಎಲ್ಲವೂ ಹಾಗೇ ಕೈಯಲ್ಲಿ ಉಳಿದಿದ್ದವು. ಅವುಗಳನ್ನು ಬೇರೆ ಯಾವುದಕ್ಕೆ ಬಳಸಬಹುದು ಅಂತ ಗೊತ್ತಾಗಲು ಒಬ್ಬ ಸಂಪಾದಕರು ಬೇಕಾಯಿತು.

ಹಿನ್ನೆಲೆಯಲ್ಲಿದ್ದ ಚರ್ಚು

ಮೆಕಾಲೆ ಮಕ್ಕಳಿಗಾಗಿ ಒಂದು ಕಥೆ ಹೆಣೆದಿದ್ದರು. ಯುರೋಪಿನ ಹಳೇ ಚರ್ಚುಗಳ ಮೇಲೆ ಬಾಯಿ ತೆರೆದು ಕೂತಿರುವ ವಿಕಾರ ಮುಖದ ಕಲ್ಲಿನ ಮೂರ್ತಿಗಳಿರುತ್ತವಲ್ಲ, ಗಾರ್ಗಾಯ್ಲ್ ಅನ್ನುತ್ತಾರೆ, ಅವುಗಳ ಸೌಂದರ್ಯ ಸ್ಪರ್ಧೆ ಕಥೆಯ ವಸ್ತು. ಚಿತ್ರಗಳನ್ನು ಹೌಟನ್ ಮಿಫ್ಲಿನ್ ಪ್ರಕಾಶನದ ಸಂಪಾದಕ ವಾಲ್ಟರ್ ಲೊರೇನ್ ಅವರಿಗೆ ತೋರಿಸಿದರು. ಅವರಿಗೆ ಗಾರ್ಗಾಯ್ಲ್‌ಗಳು ಹಿಡಿಸಲಿಲ್ಲ, ಅವುಗಳ ಹಿಂದೆ ಬರೆದಿದ್ದ ಚರ್ಚು ಹಿಡಿಸಿತು. ಮೂರ್ತಿಗಳನ್ನು ಬಿಡಿ, ಆ ಚರ್ಚಿನ ಬಗ್ಗೆಯೇ ಪುಸ್ತಕ ಮಾಡಿ ಅನ್ನುವ ಸಲಹೆ ಅಲ್ಲಿಂದ ಬಂತು. ಮೆಕಾಲೆ ಫ್ರಾನ್ಸಿನ ಆಮ್ಯಾ ಊರಿಗೆ ಹೋಗಿ ಅಲ್ಲಿನ ದೊಡ್ಡ ಚರ್ಚನ್ನು ನೋಡಿ, ಹತ್ತಿ, ಸ್ಕೆಚ್ ಮಾಡಿಕೊಂಡು ಬಂದರು. 1973ರಲ್ಲಿ 'ಕಥೀಡ್ರಲ್' ಹೊರಬಂತು.

ಪುಸ್ತಕದಲ್ಲಿರುವುದು ಶೂತ್ರೋ ಎಂಬ ಕಾಲ್ಪನಿಕ ಫ್ರೆಂಚ್ ಊರು. 1252ರಲ್ಲಿ ಅಲ್ಲಿಯ ಜನ ಒಂದು ಭಾರೀ ಚರ್ಚು ಕಟ್ಟಲು ನಿರ್ಧರಿಸುತ್ತಾರೆ, ಮುಗಿಯುವುದಕ್ಕೆ 86 ವರ್ಷ ಹಿಡಿಯುತ್ತದೆ. ಚಿತ್ರಗಳೆಲ್ಲ ಕಪ್ಪು ಬಿಳುಪು, ಪೆನ್ನು ಮತ್ತು ಶಾಯಿ, ಒಂದರ ಮೇಲೊಂದು ಅಡ್ಡಗೆರೆ ಎಳೆದು ಮೂಡಿಸಿದ ನೆರಳು. ಊರು ಸುಳ್ಳು, ಕಟ್ಟುವ ಕ್ರಮ ನಿಜ.

ಆ ಕ್ರಮದಲ್ಲೇ ಸ್ವಾರಸ್ಯ ಇರುವುದು. ನಮ್ಮ ಸಿವಿಲ್‌ನವರನ್ನು ಕೇಳಿ ನೋಡಿ: ಒಳಗೆ ಕಲ್ಲಿನ ಕಮಾನು ಚಾವಣಿ, ಅದರ ಮೇಲೆ ಇಳಿಜಾರು ಮರದ ಮಾಡು, ಎರಡರಲ್ಲಿ ಯಾವುದು ಮೊದಲು? ಕೆಳಗಿನದು ಮೊದಲು ಅಂತ ಯಾರಿಗಾದರೂ ಅನ್ನಿಸುತ್ತದೆ. ಮೆಕಾಲೆ ತೋರಿಸುವುದು ತದ್ವಿರುದ್ಧ. ಗೋಡೆ ಎದ್ದ ಮೇಲೆ ಮೊದಲು ಮರದ ಮಾಡು. ಅದು ಮಳೆಯಿಂದ ಕೆಲಸವನ್ನು ಕಾಯುತ್ತದೆ. ಜೊತೆಗೆ ಆ ತೊಲೆಗಳ ಮೇಲೇ ಕಲ್ಲೆತ್ತುವ ಯಂತ್ರಗಳನ್ನು ಕೂರಿಸಬಹುದು. ಆಮೇಲೆ ಕೆಳಗೆ ಚಾವಣಿ ಕಟ್ಟಲು ಮರದ ಅಚ್ಚುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ಪಕ್ಕೆಲುಬುಗಳನ್ನು ಜೋಡಿಸಿ, ನಡುವೆ ಬೀಗಗಲ್ಲು ಇಟ್ಟು, ಪಕ್ಕೆಲುಬುಗಳ ಮಧ್ಯದ ಜಾಗ ತುಂಬಬೇಕು. ಗಾರೆ ಗಟ್ಟಿಯಾದ ಮೇಲೆ ಅಚ್ಚು ಬಿಚ್ಚಿ ಮುಂದಿನ ಅಂಕಣಕ್ಕೆ ಒಯ್ಯಬೇಕು. ಮರ ದುಬಾರಿ, ಅದಕ್ಕೇ ಅದೇ ಅಚ್ಚು ಮತ್ತೆ ಮತ್ತೆ. ಇವತ್ತಿನ ಶಟರಿಂಗ್ ಕೆಲಸದವರು ಇದನ್ನು ನೋಡಿದರೆ ನಮಗಿಂತ ಬೇಗ ಅರ್ಥ ಮಾಡಿಕೊಂಡಾರು.

ಕಲ್ಲೆತ್ತುವ ಯಂತ್ರ ಅಂದೆವಲ್ಲ, ಅದರ ಚಿತ್ರವನ್ನು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ದೊಡ್ಡ ಮರದ ಚಕ್ರ, ಒಳಗೆ ಒಬ್ಬಿಬ್ಬರು ನಿಂತು ನಡೆಯುವಷ್ಟು ದೊಡ್ಡದು. ಅವರು ನಡೆದರೆ ಚಕ್ರ ತಿರುಗುತ್ತದೆ, ಅಚ್ಚಿಗೆ ಹಗ್ಗ ಸುತ್ತಿಕೊಳ್ಳುತ್ತದೆ, ಕೆಳಗಿನ ಕಲ್ಲು ಮೇಲೆ ಬರುತ್ತದೆ. ವೀಲ್ ಆ್ಯಂಡ್ ಆ್ಯಕ್ಸಲ್, ಪಿಯುಸಿ ಲೆಕ್ಕ. ಚಕ್ರದ ತ್ರಿಜ್ಯ ಅಚ್ಚಿನ ತ್ರಿಜ್ಯದ ಹತ್ತರಷ್ಟಿದ್ದರೆ, ಘರ್ಷಣೆ ಮರೆತುಬಿಟ್ಟರೆ, 60 ಕೆ.ಜಿ. ತೂಕದವನು 600 ಕೆ.ಜಿ. ಕಲ್ಲೆತ್ತಬಹುದು ಅಂತ ಬರೆದುಬಿಡುತ್ತೇವೆ. ಚಿತ್ರ ಬಿಡಿಸಲು ಕೂತರೆ ಗೊತ್ತಾಗುತ್ತದೆ, ಮನುಷ್ಯ ಚಕ್ರದ ಪಕ್ಕಕ್ಕೆ ನೇತಾಡುತ್ತಿಲ್ಲ, ತಳದ ಹತ್ತಿರ ಇಳಿಜಾರು ಹತ್ತುತ್ತಿದ್ದಾನೆ. ಅವನ ತೂಕ ಅಚ್ಚಿನ ನೇರ ಗೆರೆಯಿಂದ ಎಷ್ಟು ಆಚೆ ಬೀಳುತ್ತದೋ ಅಷ್ಟೇ ಸನ್ನೆಯ ಉದ್ದ. ತ್ರಿಜ್ಯದ ಅರ್ಧ ದೂರದಲ್ಲಿ ನಿಂತರೆ ಲಾಭವೂ ಅರ್ಧ, ಅಂದರೆ 300 ಕೆ.ಜಿ. ಸೂತ್ರದಲ್ಲಿ ಕಾಣದ್ದು ಚಿತ್ರದಲ್ಲಿ ಕಂಡಿತು, ಯಾಕೆಂದರೆ ಚಿತ್ರದಲ್ಲಿ ಮನುಷ್ಯನ ಕಾಲನ್ನು ಎಲ್ಲೋ ಒಂದು ಕಡೆ ಇಡಲೇಬೇಕು.

ಇನ್ನೂ ಒಂದು ಸಣ್ಣ ವಿವರ. ಚಳಿಗಾಲ ಬಂದರೆ ಗಾರೆ ಕೆಲಸ ನಿಲ್ಲುತ್ತದೆ. ಅರ್ಧ ಎದ್ದ ಗೋಡೆಗಳ ತಲೆಗೆ ಹುಲ್ಲು, ಸಗಣಿ ಮುಚ್ಚುತ್ತಾರೆ, ಒಣಗದ ಗಾರೆ ಹಿಮಕ್ಕೆ ಬಿರುಕು ಬಿಡದಿರಲಿ ಅಂತ. ದುಡ್ಡು ಮುಗಿದು ಕೆಲಸ ನಿಂತದ್ದೂ ಪುಸ್ತಕದಲ್ಲಿದೆ. ಪಾಯ ತೋಡಿಸಿದ ತಲೆಮಾರಿನವರು ಗೋಪುರ ನೋಡಲು ಉಳಿದಿರುವುದಿಲ್ಲ. ಇದನ್ನು ಮೆಕಾಲೆ ಎಲ್ಲೂ ಗೋಳಾಡಿ ಹೇಳುವುದಿಲ್ಲ, ಪುಟ ತಿರುಗಿಸುತ್ತಾ ಹೋದಂತೆ ಗೋಡೆ ಏರುತ್ತದೆ, ಅಷ್ಟೇ.

ಎಲ್ಲಿ ನಿಂತು ನೋಡಬೇಕು

'ಕಥೀಡ್ರಲ್' ಗೆದ್ದ ಮೇಲೆ ಪುಸ್ತಕಗಳು ಸಾಲಾಗಿ ಬಂದವು. ರೋಮನ್ನರ ಊರು ಕಟ್ಟುವ 'ಸಿಟಿ' 1974ರಲ್ಲಿ, 'ಪಿರಮಿಡ್' 1975ರಲ್ಲಿ, ವೇಲ್ಸಿನ ಕೋಟೆಯ 'ಕಾಸಲ್' 1977ರಲ್ಲಿ. ಇವೆಲ್ಲ ಒಂದೇ ಹದದವು, ಒಂದು ಓದಿದರೆ ಉಳಿದವು ಹೇಗಿರಬಹುದು ಅಂತ ಅಂದಾಜು ಸಿಗುತ್ತದೆ. ನಮಗೆ ಹೆಚ್ಚು ಇಷ್ಟವಾದದ್ದು ನಡುವೆ 1976ರಲ್ಲಿ ಬಂದ 'ಅಂಡರ್‌ಗ್ರೌಂಡ್'.

ಒಂದು ದೊಡ್ಡ ನಗರದ ಸರ್ಕಲ್. ಅದರ ಕೆಳಗೆ ಏನೇನಿದೆ? ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲು, ಟೆಲಿಫೋನ್ ತಂತಿ, ಕಟ್ಟಡಗಳ ಪಾಯ, ರೈಲಿನ ಸುರಂಗ. ಇದನ್ನು ತೋರಿಸುವುದು ಹೇಗೆ? ಮಣ್ಣು ಬಿಡಿಸಿದರೆ ಪೈಪು ಕಾಣದು. ಮೆಕಾಲೆ ಮಣ್ಣನ್ನೇ ಮಾಯ ಮಾಡಿಬಿಟ್ಟರು. ನೋಡುವವರನ್ನು ನೆಲದ ಕೆಳಗೆ ನಿಲ್ಲಿಸಿ, ತಲೆಯೆತ್ತಿ ಮೇಲೆ ನೋಡಿ ಅಂದರು. ಕಟ್ಟಡಗಳು ಪಾಯದ ಕಂಬಗಳ ಮೇಲೆ ಗಾಳಿಯಲ್ಲಿ ನಿಂತಂತೆ, ಪೈಪುಗಳು ಬೇರುಗಳಂತೆ ಕಾಣುತ್ತವೆ. ಮೇಲೆ ಓಡಾಡುವ ಜನರಿಗೆ ಇದರ ಸುಳಿವೇ ಇಲ್ಲ. ನಮ್ಮೂರುಗಳಲ್ಲಿ ಡಾಂಬರು ಹಾಕಿದ ಮರುವಾರವೇ ಕೇಬಲ್‌ನವರು ಬಂದು ಅಗೆಯುತ್ತಾರಲ್ಲ, ಆಗ ಗುಂಡಿಯ ಪಕ್ಕ ನಿಂತು ಬೈಯುವುದರ ಜೊತೆಗೆ ಒಂದು ನಿಮಿಷ ಒಳಗೆ ಇಣುಕಿದರೆ ಈ ಪುಸ್ತಕದ ಒಂದು ಪುಟ ಕಾಣುತ್ತದೆ.

ಇಲ್ಲಿಯೇ ಅವರ ವಿಧಾನದ ಗುಟ್ಟು ಇರುವುದು. ಏನು ಬಿಡಿಸಬೇಕು ಅನ್ನುವುದಕ್ಕಿಂತ ಎಲ್ಲಿ ನಿಂತು ಬಿಡಿಸಬೇಕು, ಯಾವುದನ್ನು ತೆಗೆದುಹಾಕಬೇಕು ಅನ್ನುವುದು ಮೊದಲ ತೀರ್ಮಾನ. ಕ್ಯಾಡ್ ಸಾಫ್ಟ್‌ವೇರಿನಲ್ಲಿ ಮಾಡೆಲನ್ನು ಮೌಸ್ ಹಿಡಿದು ಹೇಗೆ ಬೇಕೋ ಹಾಗೆ ತಿರುಗಿಸಬಹುದು. ಎಲ್ಲ ದಿಕ್ಕೂ ಪುಕ್ಕಟೆ ಸಿಗುವುದರಿಂದ ಯಾವ ದಿಕ್ಕು ಮಾತಾಡುತ್ತದೆ ಅಂತ ಯೋಚಿಸುವ ಗೋಜೇ ಇರುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟುಗಳನ್ನು ತೆರೆದು ನೋಡಿ, ಎಲ್ಲ ಕಡೆ ಅದೇ ಐಸೋಮೆಟ್ರಿಕ್ ವ್ಯೂ, ಅದೇ ಬೂದು ಬಣ್ಣ. ಯಂತ್ರ ಇದೆ ಅಂತ ತೋರಿಸುತ್ತದೆ, ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುವುದಿಲ್ಲ. ಸಾಫ್ಟ್‌ವೇರ್ ಬೇಡ ಅಂತ ನಾವು ಹೇಳುತ್ತಿಲ್ಲ. ಅದು ನಮ್ಮ ಪರವಾಗಿ ಯೋಚಿಸುತ್ತದೆ ಅಂದುಕೊಂಡರೆ ಕಷ್ಟ.

ಎಂಪೈರ್ ಸ್ಟೇಟ್ ಬಿಲ್ಡಿಂಗಿನ ಪುಸ್ತಕಕ್ಕೆ ಬರೋಣ. 1931ರಲ್ಲಿ ಮುಗಿದ ಆ ಕಟ್ಟಡವನ್ನು ಹೇಗೆ ಕಟ್ಟಿದರು ಅಂತ ಬರೆದಿದ್ದರೆ ಅದು ಇನ್ನೊಂದು 'ಕಥೀಡ್ರಲ್' ಆಗುತ್ತಿತ್ತು. 1980ರಲ್ಲಿ ಬಂದ ಪುಸ್ತಕದ ಹೆಸರು 'ಅನ್‌ಬಿಲ್ಡಿಂಗ್'. ಶ್ರೀಮಂತನೊಬ್ಬ ಕಟ್ಟಡವನ್ನು ಕೊಂಡು, ಬಿಚ್ಚಿಸಿ, ಅರೇಬಿಯದ ಮರುಭೂಮಿಗೆ ಸಾಗಿಸಲು ಹೊರಡುತ್ತಾನೆ. ಕಲ್ಪನೆ ತಮಾಷೆಯದು, ಬಿಚ್ಚುವ ಕೆಲಸ ಮಾತ್ರ ಪಕ್ಕಾ ಲೆಕ್ಕಾಚಾರದ್ದು. ಯಾವುದನ್ನು ಮೊದಲು ತೆಗೆಯಬೇಕು, ಯಾವುದು ಯಾವುದನ್ನು ಹೊತ್ತು ನಿಂತಿದೆ, ಗಗನಚುಂಬಿ ಕಟ್ಟಡದ ಗೋಡೆ ಅಂದರೆ ಉಕ್ಕಿನ ಅಸ್ಥಿಪಂಜರಕ್ಕೆ ತೊಡಿಸಿದ ಅಂಗಿ ಅಷ್ಟೇ ಅನ್ನುವುದು ಬಿಚ್ಚುವಾಗಲೇ ಚೆನ್ನಾಗಿ ಕಾಣುವುದು. ಚಿಕ್ಕವರಿದ್ದಾಗ ರೇಡಿಯೋ ಬಿಚ್ಚಿ ಬೈಸಿಕೊಂಡವರಿಗೆಲ್ಲ ಈ ಪುಸ್ತಕ ಅರ್ಪಣೆ ಅಂತ ನಾವೇ ಬರೆದುಕೊಳ್ಳಬಹುದು.

ತಮಾಷೆಯ ಮಾತು ಬಂತು, 1979ರ 'ಮೋಟೆಲ್ ಆಫ್ ದ ಮಿಸ್ಟರೀಸ್' ಹೇಳದೆ ಮುಂದೆ ಹೋಗಲಾರೆವು. ಕ್ರಿ.ಶ. 4022ರಲ್ಲಿ ಪುರಾತತ್ವದವನೊಬ್ಬ ಮಣ್ಣಿನಡಿ ಹೂತುಹೋದ ಒಂದು ಅಮೆರಿಕನ್ ಮೋಟೆಲನ್ನು ಅಗೆದು ತೆಗೆಯುತ್ತಾನೆ. ಅದು ಸಮಾಧಿ ಅಂದುಕೊಳ್ಳುತ್ತಾನೆ. ಟಾಯ್ಲೆಟ್ ಸೀಟು ಪೂಜೆಯ ವೇಳೆ ಕೊರಳಿಗೆ ಹಾಕಿಕೊಳ್ಳುವ ಪವಿತ್ರ ಆಭರಣ! ಕಣ್ಣೆದುರು ವಸ್ತು ಇದೆ, ಅಳತೆ ಸರಿ ಇದೆ, ಚಿತ್ರವೂ ನಿಖರ, ಅರ್ಥ ಮಾತ್ರ ಪೂರ್ತಿ ತಪ್ಪು. ಬೇರೆಯವರ ಲ್ಯಾಬ್ ರೆಕಾರ್ಡ್ ನೋಡಿ ಗ್ರಾಫ್ ಎಳೆಯುವವರು ಒಮ್ಮೆ ಓದಬೇಕಾದ ಪುಸ್ತಕ.

ಜಿಪ್ಪಿಗೂ ನೇಗಿಲಿಗೂ ಏನು ಸಂಬಂಧ

ಮೆಕಾಲೆ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು 1988ರ 'ದ ವೇ ಥಿಂಗ್ಸ್ ವರ್ಕ್'. ಜೊತೆಗೆ ಕೆಲಸ ಮಾಡಿ ಯಂತ್ರಗಳ ವಿವರಣೆ ಬರೆದವರು ನೀಲ್ ಆರ್ಡ್ಲಿ. ಯಂತ್ರಗಳ ಪುಸ್ತಕ ಅಂದರೆ ಅಡುಗೆಮನೆಯವು ಒಂದು ಕಡೆ, ವಾಹನಗಳು ಒಂದು ಕಡೆ ಅಂತ ಜೋಡಿಸುವುದು ರೂಢಿ. ಇವರು ತತ್ವದ ಪ್ರಕಾರ ಜೋಡಿಸಿದರು. ಇಳಿಜಾರು ತಲದ ಅಧ್ಯಾಯದಲ್ಲಿ ಬೀಗದ ಕೈ, ನೇಗಿಲು, ಪ್ಯಾಂಟಿನ ಜಿಪ್ಪು ಎಲ್ಲ ಒಂದೇ ಮನೆಯವರು. ಯಾಕೆಂದರೆ ಎಲ್ಲದರೊಳಗೂ ಇರುವುದು ಬೆಣೆ.

ಜಿಪ್ಪನ್ನೇ ನೋಡಿ. ದಿನಾ ಹತ್ತು ಸಲ ಎಳೆಯುತ್ತೇವೆ. ಹಲ್ಲುಗಳನ್ನು ಕೈಯಿಂದ ಒಂದಕ್ಕೊಂದು ಸಿಕ್ಕಿಸಲು ಪ್ರಯತ್ನಿಸಿ, ಆಗುವುದಿಲ್ಲ. ಹಾಗಾದರೆ ಆ ಪುಟ್ಟ ಸ್ಲೈಡರ್ ಏನು ಮಾಡುತ್ತದೆ? ಅದರೊಳಗಿನ ದಾರಿ ಇಂಗ್ಲಿಷಿನ ವೈ ಅಕ್ಷರದಂತಿದೆ. ಕವಲು ಒಡೆಯುವ ಜಾಗದಲ್ಲಿ ಒಂದು ಬೆಣೆ. ಕೆಳಗೆ ಎಳೆದರೆ ಆ ಬೆಣೆ ಎರಡು ಸಾಲನ್ನು ಸೀಳಿ ಬೇರೆ ಮಾಡುತ್ತದೆ. ಮೇಲೆ ಎಳೆದರೆ ಎರಡು ಪಕ್ಕದ ಗೋಡೆಗಳು ಒಳಮುಖವಾಗಿ ಕಿರಿದಾಗುತ್ತಾ ಹಲ್ಲುಗಳನ್ನು ಓರೆಯಾಗಿ ಒಂದರೊಳಗೊಂದು ತಳ್ಳುತ್ತವೆ. ಬೆರಳಿನ ಸಣ್ಣ ಎಳೆತ ಬೆಣೆಯಿಂದಾಗಿ ದೊಡ್ಡ ಅಡ್ಡ ಒತ್ತಡವಾಗುತ್ತದೆ. ನೇಗಿಲ ಗುಳವೂ ಇದನ್ನೇ ಮಾಡುತ್ತದೆ, ಎತ್ತಿನ ಮುಂದಿನ ಎಳೆತವನ್ನು ಮಣ್ಣು ಸೀಳುವ ಪಕ್ಕದ ಬಲವಾಗಿ ತಿರುಗಿಸುತ್ತದೆ. ನಮ್ಮ ತಾತಂದಿರು ಹೂಡುತ್ತಿದ್ದ ನೇಗಿಲನ್ನೂ ನಮ್ಮ ಬ್ಯಾಗಿನ ಜಿಪ್ಪನ್ನೂ ಒಟ್ಟಿಗೆ ಕೂರಿಸಿದ ಚಿತ್ರಗಾರನಿಗೆ ನಾವು ಕೈಮುಗಿದೆವು.

ಇಡೀ ಪುಸ್ತಕದಲ್ಲಿ ಒಂದು ಮ್ಯಾಮತ್ ಓಡಾಡುತ್ತದೆ, ಆ ಹಳೇ ಕಾಲದ ರೋಮದ ಆನೆ. ಸನ್ನೆಯ ಪಾಠಕ್ಕೆ ಅದನ್ನು ಮರದ ದಿಮ್ಮಿಯ ಒಂದು ತುದಿಯಲ್ಲಿ ನಿಲ್ಲಿಸಿ ತೂಕ ನೋಡುತ್ತಾರೆ. ಮುಖದಲ್ಲಿ ಅದಕ್ಕೆ ಸದಾ ಒಂದು ಗೊಂದಲ. ಇದು ಬರೀ ಮಕ್ಕಳನ್ನು ನಗಿಸಲು ಹಾಕಿದ್ದು ಅಂತ ನಮಗೆ ಅನ್ನಿಸುವುದಿಲ್ಲ. ಸಣ್ಣ ಯಂತ್ರವನ್ನು ಆನೆಯ ಗಾತ್ರಕ್ಕೆ ಏರಿಸಿದರೆ ಬಲ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಫ್ರೀ ಬಾಡಿ ಡಯಾಗ್ರಾಮಿನ ಬಾಣಕ್ಕಿಂತ ಒಂದು ಆನೆ ಮೇಲು. 1998ರಲ್ಲಿ ಡಿಜಿಟಲ್ ಯಂತ್ರಗಳನ್ನು ಸೇರಿಸಿ, 2016ರಲ್ಲಿ ಮತ್ತೊಮ್ಮೆ ಪುಸ್ತಕವನ್ನು ಹೊಸದು ಮಾಡಿದರು. ಮ್ಯಾಮತ್ ಹಾಗೇ ಉಳಿಯಿತು.

ಗಮನಿಸಬೇಕಾದದ್ದು, ಮೆಕಾಲೆ ಎಂಜಿನಿಯರ್ ಅಲ್ಲ. ಬಿಡಿಸುವುದೇ ತಮಗೆ ಅರ್ಥ ಮಾಡಿಕೊಳ್ಳುವ ದಾರಿ ಅಂತ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಗೊತ್ತಿದ್ದನ್ನು ಬಿಡಿಸುವುದಲ್ಲ, ಗೊತ್ತಾಗಲಿ ಅಂತ ಬಿಡಿಸುವುದು. ಮನುಷ್ಯನ ದೇಹದ ಬಗ್ಗೆ 2008ರಲ್ಲಿ ಬಂದ 'ದ ವೇ ವಿ ವರ್ಕ್' ಪುಸ್ತಕಕ್ಕೆ ಅವರು ವರ್ಷಗಟ್ಟಲೆ ವಿದ್ಯಾರ್ಥಿಯಂತೆ ಅಂಗರಚನೆ ಕಲಿತರು, ಆಪರೇಶನ್ ನಡೆಯುವಾಗ ನಿಂತು ನೋಡಿದರು. ಆಗ ಅವರಿಗೆ ವಯಸ್ಸು ಅರವತ್ತರ ಆಸುಪಾಸು. ಅಷ್ಟು ಹೊತ್ತಿಗೆ ಅಮೆರಿಕದ ಮಕ್ಕಳ ಚಿತ್ರಪುಸ್ತಕಕ್ಕೆ ಸಿಗುವ ದೊಡ್ಡ ಗೌರವವಾದ ಕಾಲ್ಡೆಕಾಟ್ ಪದಕ 1991ರಲ್ಲೇ ಬಂದಿತ್ತು, 2006ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಕೂಡ.

ಹಾಳೆ ಹರಿಯುವ ಕೆಲಸ

ಇಷ್ಟೆಲ್ಲ ಓದಿದರೆ ಅವರ ಕೈ ಸಲೀಸಾಗಿ ಓಡುತ್ತಿತ್ತು ಅನ್ನಿಸೀತು. ಹಾಗಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಕಂಡ ರೋಮಿನ ಬಗ್ಗೆ ಒಂದು ಪುಸ್ತಕ ಮಾಡಬೇಕು ಅಂತ ಅವರಿಗೆ ಬಹಳ ಆಸೆ. ಆ ಪುಸ್ತಕ ಹೇಗೆ ಕೈಕೊಡುತ್ತಾ ಹೋಯಿತು ಅನ್ನುವುದನ್ನು 2002ರ ಟೆಡ್ ಭಾಷಣದಲ್ಲಿ ಅವರೇ ಸ್ಕೆಚ್ಚುಗಳ ಸಮೇತ ತೋರಿಸಿದ್ದಾರೆ. ಒಂದು ಕಲ್ಪನೆ ಹೊಳೆಯುತ್ತದೆ, ಪುಟಗಟ್ಟಲೆ ಬಿಡಿಸುತ್ತಾರೆ, ಕೈಬಿಡುತ್ತಾರೆ. ಇನ್ನೊಂದು. ಅದೂ ಬೇಡ. ಕಟ್ಟಡಗಳೇನೋ ಚೆನ್ನಾಗಿ ಬರುತ್ತಿದ್ದವು, ಅವನ್ನು ಪೋಣಿಸುವ ದಾರ ಸಿಗುತ್ತಿರಲಿಲ್ಲ. ಕೊನೆಗೆ ದಾರವಾಗಿ ಬಂದದ್ದು ಒಂದು ಪಾರಿವಾಳ. ಸಂದೇಶ ಹೊತ್ತ ಪಾರಿವಾಳ ನೇರ ಹೋಗುವುದು ಬಿಟ್ಟು ರೋಮಿನ ಮೇಲೆಲ್ಲ ಸುತ್ತಾಡಿಕೊಂಡು ಹೋಗುತ್ತದೆ. ಕಪ್ಪು ಬಿಳುಪಿನ ನಗರ, ಅದರ ನಡುವೆ ಹಕ್ಕಿ ಹಾರಿದ ದಾರಿ ಒಂದೇ ಒಂದು ಕೆಂಪು ಗೆರೆ. 1997ರಲ್ಲಿ 'ರೋಮ್ ಆ್ಯಂಟಿಕ್ಸ್' ಅಂತ ಅದು ಬಂತು.

ಆ ಭಾಷಣ ಯೂಟ್ಯೂಬಿನಲ್ಲಿದೆ, ನೋಡಿ. ಸೋತ ಸ್ಕೆಚ್ಚುಗಳನ್ನು ಅಷ್ಟು ಖುಷಿಯಾಗಿ ತೋರಿಸುವವರು ಕಡಿಮೆ. ನಮ್ಮಲ್ಲಿ ಡ್ರಾಯಿಂಗ್ ಷೀಟಿನ ಮೇಲೆ ರಬ್ಬರಿನ ಗುರುತು ಕಂಡರೇ ಮಾರ್ಕ್ಸ್ ಹೋಗುತ್ತದೆ. ಷೀಟು ಶುಚಿಯಾಗಿರಬೇಕು, ಒಪ್ಪೋಣ. ಆದರೆ ಅದಕ್ಕೂ ಮೊದಲು ಹಾಳಾದ ಹಾಳೆಗಳಿಗೆ ಜಾಗ ಇರಬೇಕಲ್ಲ?

ಬಾಕಿ ಉಳಿದದ್ದು ಹಡಗು. 2019ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು 'ಕ್ರಾಸಿಂಗ್ ಆನ್ ಟೈಮ್' ಬರೆದರು. ಹಬೆ ಯಂತ್ರದ ಹುಟ್ಟಿನಿಂದ ಶುರುವಾಗಿ, ಟರ್ಬೈನುಗಳ ತನಕ ಬಂದು, ಹುಡುಗನಾಗಿ ತಾವು ಪ್ರಯಾಣಿಸಿದ ಎಸ್ಸೆಸ್ ಯುನೈಟೆಡ್ ಸ್ಟೇಟ್ಸ್ ಹಡಗನ್ನು ಮಡಿಸಿದ ಉದ್ದನೆ ಪುಟದಲ್ಲಿ ಸೀಳಿ ತೋರಿಸುತ್ತಾರೆ. ಅದರ ವಿನ್ಯಾಸಕ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಬೆಂಕಿಗೆ ಎಷ್ಟು ಹೆದರುತ್ತಿದ್ದರೆಂದರೆ ಮರವನ್ನು ಹೆಚ್ಚುಕಡಿಮೆ ಪೂರ್ತಿ ದೂರ ಇಟ್ಟು, ತೂಕ ಇಳಿಸಲು ಹೇರಳವಾಗಿ ಅಲ್ಯೂಮಿನಿಯಂ ಬಳಸಿದ್ದರು. 1957ರಲ್ಲಿ ಒಳಗೆ ಕೂತ ಹುಡುಗನಿಗೆ ಇದ್ಯಾವುದೂ ಕಾಣಲಿಲ್ಲ, ಬರೀ ನೀರು ಕಂಡಿತು. ಅರವತ್ತು ವರ್ಷದ ನಂತರ ಕತ್ತರಿಸಿ ನೋಡಿದರು. ಆ ಹಡಗು ದಶಕಗಳ ಕಾಲ ಫಿಲಡೆಲ್ಫಿಯಾದಲ್ಲಿ ತುಕ್ಕು ಹಿಡಿದು ನಿಂತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಎಳೆದುಕೊಂಡು ಹೋದರು, ಫ್ಲೋರಿಡಾ ಹತ್ತಿರ ಮುಳುಗಿಸಿ ಮೀನುಗಳಿಗೆ ಕೃತಕ ಬಂಡೆ ಮಾಡುವುದಕ್ಕೆ.

ನಾವು ಮಾಡಬಹುದಾದದ್ದು

ಪೆನ್ನು ಒಂದು, ಎ4 ಹಾಳೆ ನಾಲ್ಕು, ಸ್ಕೇಲ್ ಬೇಡ, ರಬ್ಬರ್ ಬೇಡ. ಮೊದಲು ನೋಡದೆ, ನೆನಪಿನಿಂದ ಒಂದು ಸೈಕಲ್ ಬಿಡಿಸಿ. ನಗಬೇಡಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮನಶ್ಶಾಸ್ತ್ರಜ್ಞೆ ರೆಬೆಕಾ ಲಾಸನ್ ಇದನ್ನೇ ಜನರಿಂದ ಮಾಡಿಸಿ 2006ರಲ್ಲಿ ಪ್ರಕಟಿಸಿದರು; ಚೈನನ್ನು ಹಿಂದಿನ ಚಕ್ರದ ಜೊತೆ ಮುಂದಿನ ಚಕ್ರಕ್ಕೂ ಸುತ್ತಿದವರಿದ್ದರು. ಹಾಗೆ ಸುತ್ತಿದರೆ ಹ್ಯಾಂಡಲ್ ತಿರುಗಿಸುವುದು ಹೇಗೆ ಸ್ವಾಮಿ? ಬಿಡಿಸಿದ ಮೇಲೆ ಸ್ಟ್ಯಾಂಡಿಗೆ ಹೋಗಿ ನಿಜವಾದ ಸೈಕಲ್ ಎದುರಿಗಿಟ್ಟುಕೊಂಡು ಎರಡನೇ ಚಿತ್ರ. ಮೊದಲನೆಯದನ್ನು ಎಸೆಯಬೇಡಿ.

ಮೂರನೇ ಹಾಳೆಯಲ್ಲಿ ಕೈಗೆ ಸಿಕ್ಕುವ ಯಾವುದಾದರೂ ಒಂದು: ಕ್ಲಿಕ್ ಪೆನ್ನಿನ ಒಳಗು, ಬಾತ್‌ರೂಮಿನ ಫ್ಲಶ್ ಟ್ಯಾಂಕ್, ಬಾಗಿಲ ಬೀಗ. ಕತ್ತರಿಸುವ ಗೆರೆ ನೀವೇ ಆರಿಸಿ. ತಪ್ಪು ಜಾಗದಲ್ಲಿ ಕತ್ತರಿಸಿದರೆ ಬೇಗ ಗೊತ್ತಾಗುತ್ತದೆ, ಮುಖ್ಯವಾದ ಭಾಗವೇ ಆಚೆ ತುಂಡಿನಲ್ಲಿ ಉಳಿದುಬಿಟ್ಟಿರುತ್ತದೆ.

ನಾಲ್ಕನೆಯದು ಸ್ವಲ್ಪ ದೊಡ್ಡದು. ಪ್ರತಿ ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ. ಫೋಟೋಗೆ ಹಾರ ಹಾಕುತ್ತೇವೆ, ನೀರು ಏರಿದರೆ ತಾನಾಗಿ ತೆರೆದುಕೊಳ್ಳುವ ಅವರ ಗೇಟುಗಳ ಬಗ್ಗೆ ಭಾಷಣ ಕೇಳುತ್ತೇವೆ. ಆ ಗೇಟುಗಳನ್ನು ಮೊದಲು ಕೂರಿಸಿದ್ದು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ, ಕೆಆರ್‌ಎಸ್‌ಗೆ ಬಂದದ್ದು ಆಮೇಲೆ. ಮೋಟಾರಿಲ್ಲ, ಸೆನ್ಸರಿಲ್ಲ, ಗೇಟು ತೆರೆಯುವ ಕೆಲಸ ನೀರಿನದ್ದೇ. ಗೇಟು ಮೇಲೆ ಹೋಗಬೇಕಾದರೆ ಯಾವುದು ಕೆಳಗೆ ಇಳಿಯಬೇಕು? ನೀರು ತಗ್ಗಿದ ಮೇಲೆ ಅದು ವಾಪಸ್ ಬರುವುದು ಹೇಗೆ? ಹುಡುಕಿ, ಓದಿ, ಸಿವಿಲ್ ಮೇಷ್ಟ್ರನ್ನು ಕೇಳಿ, ನೀರು ಏರುವ ಮೊದಲಿನ ಸ್ಥಿತಿ ಒಂದು, ಏರಿದ ಮೇಲಿನದು ಇನ್ನೊಂದು, ಹೀಗೆ ಎರಡು ಸೆಕ್ಷನ್ ಬಿಡಿಸಿ. ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆಯಿರಿ. ಪದ ಸಿಗದಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದರೂ ನಡೆಯುತ್ತದೆ. ಬಂದ ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಹೊಡೆದುಹಾಕಿದ ಗೆರೆಗಳ ಸಮೇತ. ಆನೆ ಸೇರಿಸಿದವರ ಚಿತ್ರ ಮೊದಲ ಪುಟಕ್ಕೆ.